ಪಾಸಿದ್ದೂ ಕಸ ಗುಡಿಸಿದ ಗಾರ್ಡಮ್ಮ

ಮೊನ್ನೆ ಹೊಳಲ್ಕೆರೆ ಸಂತೆಯಿಂದ ತಂದ ಈಚಲು ಪೊರಕೆಯನ್ನು ಅಂಗಳದಲ್ಲಿ ಬಡಿದು ಪುಡಿ ಉದುರಿಸುತ್ತಿದ್ದೆ. ಗರಿಯ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಗಾರ್ಡಮ್ಮ ಪಕ್ಕದಲ್ಲಿ ಬಂದು ನಿಂತಂತಾಯಿತು. ಹಿಡಿ ಸಡಿಲಾಗಿದೆ, ಬಿಚ್ಚಿ ಕಟ್ಟು ಎಂದು ಈಗ ಹೇಳುತ್ತಾರೆ ಎಂದು ಒಂದು ಗಳಿಗೆ ಕಾದೆ...

ನಾನು ಮದುವೆಯಾಗಿ ಚಿಕ್ಕಜಾಜೂರಿಗೆ ಬಂದಾಗ ಅವರದು ನಮ್ಮ ಪಕ್ಕದ ಮನೆ. ಅವರ ಯಜಮಾನರು ರೈಲ್ವೆ ಗಾರ್ಡು. ಮನೆಯಲ್ಲಿ ಇದ್ದದ್ದಕ್ಕಿಂತ ಗಾಡಿಯ ಕೊನೆಯ ಡಬ್ಬಿಯಲ್ಲಿ ಇದ್ದದ್ದೇ ಹೆಚ್ಚು. ಈಯಮ್ಮನ ಜೀವವೆಲ್ಲ ಸ್ಟೇಷನ್ ಹಿಂದಿನ ಪುಟ್ಟ ಚರ್ಚಿನಲ್ಲಿ. ಶನಿವಾರ ಊಟ ಮುಗಿಸಿ ಸೆರಗು ಸಿಕ್ಕಿಸಿದರೆಂದರೆ ಕಸ ಗುಡಿಸಿ, ಬೆಂಚು ಒರೆಸಿ, ಮೇಜಿನ ಬಟ್ಟೆ ಒಗೆದು ಗಂಜಿ ಹಾಕಿಯೇ ಬರುವುದು. ಮೇಜು ತೆಗೆದರೂ ಆ ಬಟ್ಟೆ ನಿಂತೇ ಇರುತ್ತದೆ ಎಂದು ನಮ್ಮತ್ತೆ ನಗುತ್ತಿದ್ದರು.

ಒಂದು ಭಾನುವಾರ ಚರ್ಚಿನಿಂದ ಬಂದವರು ಮನೆಗೂ ಹೋಗದೆ ನಮ್ಮ ಜಗಲಿಯ ಮೇಲೆ ಕುಸಿದು ಕುಳಿತರು. ಹೊಸದಾಗಿ ಬಂದಿದ್ದ ಪಾಸ್ಟರು ಪ್ರಸಂಗದಲ್ಲಿ, ದೇವರ ಮುಂದೆ ಮನುಷ್ಯ ನೀತಿವಂತನಾಗುವುದು ತಾನು ಮಾಡಿದ ಕೆಲಸದಿಂದಲ್ಲ, ಯೇಸುವನ್ನು ನಂಬುವುದರಿಂದ, ಅದು ಪುಕ್ಕಟೆ ಸಿಗುವ ಕೃಪೆ, ಯಾರೂ ಜಂಬ ಪಡುವ ಹಾಗಿಲ್ಲ ಎಂದಿದ್ದರಂತೆ. ಸ್ಟೇಷನ್ನಿನಲ್ಲಿ ಹಳಿ ಬದಲಿಸುತ್ತಿದ್ದ, ಚರ್ಚಿನ ಕೊನೆಯ ಬೆಂಚಿನಲ್ಲಿ ಗೊರಕೆ ಹೊಡೆಯುವ ಪಾಯಿಂಟ್ಸ್‌ಮನ್ನಿಗೂ ಅದೇ ಕೃಪೆ, ಇವರಿಗೂ ಅದೇ!

“ಹಂಗಾರೆ ಇಷ್ಟು ವರ್ಷ ಗುಡಿಸಿದ್ದು ಲೆಕ್ಕಕ್ಕಿಲ್ಲ ಏನ್ರಮ್ಮ? ನಾಳೆ ಸ್ವಾಮಿ ಮುಂದೆ ಬರಿಗೈಲಿ ಹೆಂಗೆ ನಿಂತ್ಕಳ್ಲಿ?”

ಕೋಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು ಆ ದನಿಯಲ್ಲಿ. ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ನಮ್ಮತ್ತೆ ಒಗ್ಗರಣೆ ಮಂಡಕ್ಕಿ ತಂದು ಮುಂದಿಟ್ಟರು.

ಅಂದಿನಿಂದ ಶನಿವಾರದ ಜೊತೆಗೆ ಬುಧವಾರವೂ ಗುಡಿಸತೊಡಗಿದರು. ಗುಡಿಸಿರಿ, ಬೇಡವೆನ್ನುವುದಿಲ್ಲ, ಆದರೆ ಭಯದಿಂದ ಬೇಡ ಎಂದು ಪಾಸ್ಟರು ಅಂಗಲಾಚಿದರಂತೆ. ಆ ಹುಡುಗನಿಗೆ ಇನ್ನೂ ಅನುಭವ ಸಾಲದು ಎಂದು ಇವರು ತೀರ್ಮಾನಿಸಿದರು.

ಆ ಬೇಸಿಗೆಯಲ್ಲಿ ಯಜಮಾನರ ರೈಲ್ವೆ ಪಾಸಿನಲ್ಲಿ ಹುಬ್ಬಳ್ಳಿಗೆ, ತಂಗಿಯ ಮನೆಗೆ ಹೊರಟರು. ಪುಕ್ಕಟೆ ಕೂತು ಹೋಗುವುದು ಮನಸ್ಸಿಗೆ ಒಗ್ಗಲಿಲ್ಲವಂತೆ. ಸೀಟಿನ ಕೆಳಗೆ ಕಡ್ಲೆಕಾಯಿ ಸಿಪ್ಪೆ ಬೇರೆ. ದಾವಣಗೆರೆ ದಾಟಿದ್ದೇ ಚೀಲದಿಂದ ಮೋಟು ಪೊರಕೆ ತೆಗೆದು ಡಬ್ಬಿಯನ್ನೆಲ್ಲ ಗುಡಿಸಿದರು. ಒಬ್ಬ ಕಾಲೆತ್ತಿ ಕೂತ, ಗುಡಿಸಿ ಮುಗಿದ ಮೇಲೆ ಕೈಗೊಂದು ನಾಣ್ಯ ಹಾಕಿದ. ನಾನು ಗಾರ್ಡ್ ಸಾಹೇಬರ ಹೆಂಡತಿ ಎಂದು ಇವರು ರೇಗಿದರೆ, ಸಾಲದಾಯಿತೇನೋ ಎಂದುಕೊಂಡು ಇನ್ನೊಂದು ಹಾಕಿದನಂತೆ.

ಊರಿಗೆ ಬಂದು ಇದನ್ನು ಸಿಟ್ಟಿನಿಂದ ಹೇಳುತ್ತಿದ್ದರೆ ನಮ್ಮತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು:

“ಅಲ್ರೀ, ಪಾಸ್ ಕೊಟ್ರಲ್ಲ, ಅದಕ್ಕೇನ್ ನೀವು ಗಾಡಿ ತಳ್ಳಿದ್ರಾ?”

“ನಾನ್ಯಾಕೆ ತಳ್ಳಲಿ? ಅವರ ಹೆಂಡ್ತಿ ಅಂತ ಕೊಟ್ಟಿದ್ದು.”

“ಮತ್ತೆ ಸುಮ್ನೆ ಕುಂತ್ಕಂಡು ಹೋಗಾಕೆ ನಿಮಗೇನು ಧಾಡಿ?”

ಗಾರ್ಡಮ್ಮ ನಾಣ್ಯ ಬಿದ್ದಿದ್ದ ತಮ್ಮ ಅಂಗೈಯನ್ನೇ ನೋಡಿಕೊಂಡರು.

ಗುಡಿಸುವುದನ್ನು ಬಿಟ್ಟರು ಎಂದುಕೊಳ್ಳಬೇಡಿ. ಆದರೆ ಬುಧವಾರ ನಿಂತಿತು. ಮೇಜಿನ ಬಟ್ಟೆ ಸ್ವಲ್ಪ ಮೆತ್ತಗಾಯಿತು. ಶನಿವಾರ ಪೊರಕೆಯ ಸದ್ದಿನ ಜೊತೆ ಏನೋ ಗುನುಗುವುದೂ ಕೇಳಿಸುತ್ತಿತ್ತು...

ವರ್ಷಗಳು ಕಳೆದು, ಸೊಂಟ ಮುರಿದು ಅವರು ಹಾಸಿಗೆ ಹಿಡಿದಾಗ ಒಂದು ದಿನ ಅವರ ಕೋಣೆ ಗುಡಿಸಲು ಹೋದೆ.

“ಬಿಡವ್ವ, ಧೂಳು ಎಲ್ಲಿಗೂ ಓಡಿ ಹೋಗಲ್ಲ. ಬಾ, ಕುಂತ್ಕ,” ಎಂದರು.

ಕೂತೆ. ಈಗ ಬರಿಗೈ ಎಂದು ಹೆದರಿಕೆ ಆಗುವುದಿಲ್ಲವೇ ಎಂದು ಹೇಗೋ ಕೇಳಿಬಿಟ್ಟೆ. ಅವರು ನಕ್ಕರು.

“ಪಾಸೈತಲ್ಲವ್ವ.”

ಅವರನ್ನು ಮಣ್ಣು ಮಾಡುವ ದಿನ ಚರ್ಚು ಗುಡಿಸಿದ್ದು ಆ ಪಾಯಿಂಟ್ಸ್‌ಮನ್. ಅಳುತ್ತಾ ಗುಡಿಸಿದ್ದನೋ ಏನೋ, ಮೂಲೆಮೂಲೆಯಲ್ಲೂ ಕಸ ಹಾಗೇ ಇತ್ತು. ಯಾರೂ ಮತ್ತೆ ಪೊರಕೆ ಹಿಡಿಯಲಿಲ್ಲ.

ಮೊನ್ನೆ ನಾನೂ ಅರ್ಧ ಅಂಗಳ ಗುಡಿಸಿ, ಪೊರಕೆ ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದೆ ಎಂಬುದು ಏಳುವಾಗಲೇ ಗೊತ್ತಾದದ್ದು...