ಕಣ್ಣಿಗೆ ಹಚ್ಚದ ಅರಿಶಿಣ

ಮಗಳ ಕಾಯಿಲೆಯನ್ನು ಮೊದಲು ಗುರುತಿಸಿದವನು ನಾನೇ ಎಂದು ಏಳು ವರ್ಷ ನಂಬಿಕೊಂಡಿದ್ದೆ. ಸೇಡಂನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು, ಪ್ರಯೋಗ ಮಾಡದೆ ಏನನ್ನೂ ಒಪ್ಪದವನು. ನಾನಲ್ಲದೆ ಇನ್ಯಾರು? ಈ ಕಥೆ ಹೇಳಿದಾಗಲೆಲ್ಲ ಹೆಂಡತಿ ಬಟ್ಟೆ ಮಡಚುತ್ತ ನಗುತ್ತಾಳೆ. ಆ ನಗುವೇ ನನಗೆ ಅನುಮಾನ ತಂದದ್ದು.

ಬಾಣಂತನ ನಡೆದದ್ದು ವಾಡಿಯಲ್ಲಿ, ಮಾವನವರ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅತ್ತೆ ದಿನಾ ಕೂಸಿಗೆ ಎಣ್ಣೆ, ಕಡಲೆಹಿಟ್ಟು, ಅರಿಶಿಣ ತಿಕ್ಕಿ ಎರೆಯುತ್ತಿದ್ದರು. ಹಾಗಾಗಿ ಕೂಸು ಹಳದಿಯಾಗಿರುವುದು ಯಾರಿಗೂ ವಿಶೇಷ ಅನಿಸಲಿಲ್ಲ. ನೋಡಲು ಬಂದವರೆಲ್ಲ ಬಂಗಾರದ ಗೊಂಬೆ ಎಂದು ಹೊಗಳಿ, ಚಹಾ ಕುಡಿದು ಹೋದರು.

ತಿಂಗಳು ದಾಟಿದ ಮೇಲೆ ಒಂದು ಭಾನುವಾರ ಅತ್ತೆ ಕೂಸಿನ ಬಟ್ಟೆಯೊಂದನ್ನು ತಂದು ನನ್ನ ಮುಂದೆ ಹಿಡಿದರು. ಹೇಲು ಸುಣ್ಣ ಕಲಸಿದಂತೆ ಬೆಳ್ಳಗಿತ್ತು. ಒಗೆದರೆ ಕಲೆಯೇ ಉಳಿಯುವುದಿಲ್ಲ, ಐದು ಮಕ್ಕಳ ಬಟ್ಟೆ ಒಗೆದವಳಿಗೆ ಇದು ಹೊಸದು ಎಂದರು. ಆಮೇಲೆ ನನ್ನ ನೆನಪಿನ ಪ್ರಕಾರ ನಾನು ಗಂಭೀರವಾಗಿ ಯೋಚಿಸಿ, ನಾಲ್ಕು ದಿನ ಅರಿಶಿಣ ನಿಲ್ಲಿಸಿ ನೋಡಿರೆಂದೆ.

ಹೋದ ತಿಂಗಳು ಹೆಂಡತಿ ಬಾಯಿ ಬಿಟ್ಟಳು. "ನೀವು ಅಂದಿದ್ದು ಏನು, ನೆನಪದೇನ್ರಿ? ಹಾಲು ಕುಡಿಯೋ ಕೂಸು ಬೆಳ್ಳಗ ಹೇಲದೆ ಇನ್ನೇನು ಮಾಡ್ತದ ಅಂದ್ರಿ. ಮೈ ಹಳದಿ ಇದ್ದದ್ದು ಅರಿಶಿಣದ್ದು ಅಂದ್ರಿ."

ಪ್ರಯೋಗ ಅತ್ತೆಯದೇ ಆಗಿತ್ತಂತೆ. ನನಗೆ ಹೇಳುವ ಮೊದಲೇ ನಾಲ್ಕು ದಿನ ಅರಿಶಿಣ ಬಿಟ್ಟಿದ್ದರು. ಆ ಭಾನುವಾರ ಅವರು ಆಡಿದ ಮಾತು ಈಗ ನೆನಪಾಯಿತು. "ಮೈಗೆ ಹಚ್ಚಿದ್ದು ಖರೆ ಅದ. ಕಣ್ಣಿಗೂ ನಾನೇ ಹಚ್ಚೀನೇನ್ರಿ?"

ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು. ಮರುದಿನವೇ ಹೈದರಾಬಾದಿನ ರೈಲು ಹತ್ತಿದೆವು. ಯಕೃತ್ತಿನಿಂದ ಕರುಳಿಗೆ ಪಿತ್ತ ಇಳಿಯುವ ನಾಳ ಮುಚ್ಚಿಹೋಗಿದೆ, ಕರುಳಿನ ಒಂದು ಭಾಗವನ್ನು ಮೇಲೆತ್ತಿ ಯಕೃತ್ತಿಗೇ ಹೊಲಿದು ದಾರಿ ಮಾಡಬೇಕು ಎಂದರು ಸರ್ಜನ್. ಹುಟ್ಟಿದ ಎರಡು ತಿಂಗಳೊಳಗೆ ಮಾಡಿದರೆ ಒಳ್ಳೆಯದು, ತಡವಾದಷ್ಟೂ ಯಕೃತ್ತು ಕೆಡುತ್ತದೆ. ಮಾಡಿದರೂ ಪಿತ್ತ ಹರಿದೇ ಹರಿಯುತ್ತದೆಂಬ ಖಾತ್ರಿಯಿಲ್ಲ. ಮಗಳಿಗೆ ಆಗ ನಲವತ್ತೆಂಟು ದಿನ. ಇದೊಂದು ಲೆಕ್ಕ ನನಗೆ ಸರಿಯಾಗಿ ನೆನಪಿದೆ.

ಆಪರೇಷನ್ ಆದ ಮೇಲೆ ನಮಗಿದ್ದದ್ದು ಒಂದೇ ಕೆಲಸ, ಹೇಲು ಕಾಯುವುದು. ಮಾವನವರ ಹಳೆಯ ಬಿಳಿ ಧೋತರವನ್ನು ಅತ್ತೆ ಹರಿದು ತಂದಿದ್ದರು, ಪಿತ್ತ ಹರಿದು ಬಣ್ಣ ಬಂದರೆ ತಪ್ಪದೆ ಕಾಣಲೆಂದು. ಆರನೆಯ ದಿನವೋ ಏಳನೆಯ ದಿನವೋ ಧೋತರದ ಮೇಲೆ ಹಸಿರು ಮಿಶ್ರಿತ ಹಳದಿ ಕಲೆ ಬಿತ್ತು. ಅತ್ತೆ ಅದನ್ನು ವಾರ್ಡಿನ ತುಂಬ ತೋರಿಸಿಕೊಂಡು ಬಂದರು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

ಮಗಳೀಗ ಎರಡನೆಯ ತರಗತಿ. ತಪಾಸಣೆ ತಪ್ಪಿಸುವಂತಿಲ್ಲ, ಮುಂದೆ ಹೇಗೋ ಎಂಬುದನ್ನು ವೈದ್ಯರೂ ಹೇಳುವುದಿಲ್ಲ. ವಾಡಿಗೆ ಹೋದಾಗಲೆಲ್ಲ ಅತ್ತೆ ಮೊದಲು ಅವಳನ್ನು ಅಂಗಳದ ಬೆಳಕಿಗೆ ಎಳೆದು ಕಣ್ಣು ನೋಡುತ್ತಾರೆ. ಮೊನ್ನೆ ನನ್ನನ್ನೂ ಕರೆದರು.

"ಬರ್ರಿ, ನೀವೂ ನೋಡ್ರಿ. ಆಮ್ಯಾಲೆ ನಾನೇ ನೋಡೀನಿ ಅಂತ ಹೇಳಾಕ ಬೇಕಲ್ಲ."

ನೋಡಿದೆ. ಬೆಳ್ಳಗಿದ್ದವು.