ನಿಜದಳತೆಯ ಸುರುಳಿ ಮೆಟ್ಟಿಲು

ಆ ಬೀದಿಯಲ್ಲಿ ಸ್ಕೇಲಕ್ಕನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೂರು ಮುಖದ ಅಳತೆಪಟ್ಟಿಯನ್ನು ತುರುಬಿಗೆ ಸಿಕ್ಕಿಸಿಕೊಂಡೇ ಅವಳು ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು. ಇಪ್ಪತ್ತರ ಪ್ರಾಯದಲ್ಲಿ ಒಂದು ನಕ್ಷೆ ಕಚೇರಿ ಸೇರಿದವಳು. ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆಯುವುದು, ತಪ್ಪಿದರೆ ಉಸಿರು ಬಿಗಿಹಿಡಿದು ಬ್ಲೇಡಿನಿಂದ ಕೆರೆಯುವುದು, ಇದೇ ಕೆಲಸ. ಕಚೇರಿಗೆ ಕಂಪ್ಯೂಟರ್ ಬಂದ ವರ್ಷ ಜೊತೆಗಿದ್ದವರೆಲ್ಲ ಬೇರೆ ದಾರಿ ಹಿಡಿದರು. ಇವಳೊಬ್ಬಳು ಮಾತ್ರ ಪ್ಲಾಟರ್ ಎಂಬ ಆ ಮಂಚದಗಲದ ಯಂತ್ರದ ಮುಂದೆ ನಿಂತು, ಮೂರು ದಿನದ ನಕ್ಷೆ ಮೂರೇ ನಿಮಿಷದಲ್ಲಿ ಇಳಿದು ಬರುವುದನ್ನು ಕಣ್ಣರಳಿಸಿ ನೋಡಿ, "ಇದರ ಜೊತೆ ಜಗಳ ಆಡೋದಕ್ಕಿಂತ ಸ್ನೇಹ ಮಾಡ್ಕೊಳ್ಳೋದೇ ವಾಸಿ" ಎಂದಿದ್ದಳು.

ಈಗ ಅವಳದೇ ಒಂದು ಕೋಣೆ, ಒಂದು ಪ್ಲಾಟರ್, ಒಂದು ಕಂಪ್ಯೂಟರ್. ಊರಿನ ಇಂಜಿನಿಯರುಗಳು ನಕ್ಷೆಯ ತಂತ್ರಾಂಶವಾದ ಕ್ಯಾಡ್‌ನಲ್ಲಿ ಬರೆದದ್ದನ್ನು ಪೆನ್‌ಡ್ರೈವಿನಲ್ಲಿ ತಂದು ಕೊಟ್ಟರೆ ಅವಳು ಮುದ್ರಿಸಿ ಕೊಡುವುದು. ಮಡಚುವ ಕೆಲಸ ಎಪ್ಪತ್ತೆಂಟರ ಅತ್ತೆಯದು. ಚಾಪೆಯಗಲದ ಹಾಳೆಯನ್ನು ಮುದುಕಿ ಪಟಪಟನೆ ಮಡಚಿ ಪುಸ್ತಕದಷ್ಟು ಮಾಡಿ, ನಕ್ಷೆಯ ಹೆಸರು ಸರಿಯಾಗಿ ಮೇಲೇ ಕಾಣುವಂತೆ ಇಟ್ಟುಬಿಡುತ್ತಿದ್ದಳು. ಮೂಗಿನ ಮೇಲೆ ಕನ್ನಡಕವಿದ್ದರೂ ಬಗ್ಗಿ ನೋಡುತ್ತಿರಲಿಲ್ಲ. ಬೆರಳಿಗೇ ಎಲ್ಲ ಗೊತ್ತಿತ್ತು.

ಒಂದು ಬೆಳಿಗ್ಗೆ ಇಂಜಿನಿಯರ್ ಹುಡುಗಿಯೊಬ್ಬಳು ಬಡಗಿ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಒಳಗೆ ಬಂದಳು. ಇಬ್ಬರ ಮುಖವೂ ಗಂಟಾಗಿತ್ತು. ಗ್ರಂಥಾಲಯದ ಹಳೆಯ ಸುರುಳಿ ಮೆಟ್ಟಿಲು ಮುರಿದು, ಮೇಲಿನ ಅಂತಸ್ತು ಆರು ವರ್ಷದಿಂದ ಮುಚ್ಚಿತ್ತು. ಹೊಸ ಮೆಟ್ಟಿಲಿನ ನಕ್ಷೆ ಇವಳದು, ಮರಗೆಲಸ ಅವನದು. ಮೇಸ್ತ್ರಿ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿದ.

"ನೋಡಿ ಅಕ್ಕ, ಇದೇನು ಇರುವೆ ಹತ್ತೋ ಮೆಟ್ಟಿಲಾ? ಒಂದೊಂದು ಹಲಗೇನೂ ಬೀಸಣಿಗೆ ಥರ ಬಾಗಿದೆ. ಮರಕ್ಕೆ ಗರಗಸ ಇಟ್ಟ ಮೇಲೆ ಅಯ್ಯೋ ಅಂದ್ರೆ ಬರುತ್ತಾ? ನನಗೆ ನಿಜದಳತೆಯಲ್ಲಿ ಬೇಕು."

"ಎರಡು ಮೀಟರ್ ಅಗಲದ ಚಿತ್ರ ಯಾರು ಪ್ರಿಂಟ್ ಮಾಡ್ತಾರೆ ಮೇಸ್ತ್ರಿ?" ಎಂದಳು ಹುಡುಗಿ.

"ನಾನು ಮಾಡ್ತೀನಿ," ಎಂದಳು ಸ್ಕೇಲಕ್ಕ.

ಅಂದ ಮೇಲೆಯೇ ಅವಳಿಗೆ ತಾನು ಒಪ್ಪಿಕೊಂಡದ್ದು ಏನೆಂದು ಹೊಳೆಯಿತು. ಮೂವತ್ತು ವರ್ಷದಲ್ಲಿ ಮನೆ, ಸೇತುವೆ, ಆಸ್ಪತ್ರೆ ಎಲ್ಲವನ್ನೂ ನೂರರಲ್ಲೊಂದು ಪಾಲು, ಐವತ್ತರಲ್ಲೊಂದು ಪಾಲು ಮಾಡಿಯೇ ನೋಡಿದ್ದಳು. ಒಂದಕ್ಕೆ ಒಂದು ಎಂದು ಯಾವತ್ತೂ ಒತ್ತಿರಲಿಲ್ಲ. ಯಂತ್ರದ ಅಗಲ ಮೂರಡಿ. ಹಾಗಾದರೆ ಮೂರು ಪಟ್ಟಿ ಮಾಡಿ ಅಂಟಿಸಬೇಕು. ಮೊದಲು ಪರೀಕ್ಷೆಗೆಂದು ಅಡ್ಡಕ್ಕೆ ಎಂಬತ್ತು ಸೆಂಟಿಮೀಟರಿನ ಒಂದು ಗೆರೆ, ಉದ್ದಕ್ಕೆ ಒಂದು ಮೀಟರಿನ ಒಂದು ಗೆರೆ ಹಾಕಿ ಮುದ್ರಿಸಿದಳು. ಮೇಸ್ತ್ರಿ ಟೇಪು ಹಿಡಿದ. ಅಡ್ಡಗೆರೆ ಕರಾರುವಾಕ್ಕು. ಉದ್ದಗೆರೆ ನಾಲ್ಕು ಮಿಲಿಮೀಟರ್ ಕಮ್ಮಿ.

"ಅಷ್ಟೇನಾ? ಬಿಡಿ," ಎಂದಳು ಹುಡುಗಿ.

"ಎರಡು ಮೀಟರಿಗೆ ಎಂಟಾಯ್ತು ತಾಯಿ. ಆ ಸಂದಿಯಲ್ಲಿ ಇಲಿಮರಿ ಸಂಸಾರ ಹೂಡುತ್ತೆ!"

ಅತ್ತೆ ಕಿಸಕ್ಕನೆ ನಕ್ಕಳು. ಸ್ಕೇಲಕ್ಕ ನಗಲಿಲ್ಲ. ಅಡ್ಡ ಸರಿಯಿದ್ದು ಉದ್ದ ತಪ್ಪಿದರೆ ತಪ್ಪು ನಕ್ಷೆಯದಲ್ಲ, ಕಾಗದ ಎಳೆಯುವ ಉರುಳೆಯದು. ಹೋದ ವಾರ ಬೇರೆ ಥರದ ದಪ್ಪ ಕಾಗದದ ಸುರುಳಿ ಹಾಕಿದ್ದಳಲ್ಲ! ಸಣ್ಣ ನಕ್ಷೆಗಳಲ್ಲಿ ಯಾರೂ ಟೇಪು ಹಿಡಿಯುವುದಿಲ್ಲ, ಬರೆದ ಅಂಕಿಯನ್ನೇ ಓದುತ್ತಾರೆ. ಹಾಗಾಗಿ ಗುಟ್ಟು ಬಯಲಾಗಿರಲಿಲ್ಲ. ಯಂತ್ರದ ಮೆನುವಿನಲ್ಲಿ ಹನ್ನೊಂದು ವರ್ಷದಿಂದ ಮುಟ್ಟದೇ ಇದ್ದ ಒಂದು ಮೂಲೆಯಿತ್ತು: ಕಾಗದದ ಓಟವನ್ನು ತಿದ್ದುವುದು. ಅಳೆದ ಅಂಕಿಯನ್ನು ಅಲ್ಲಿ ತುಂಬಿ ಮತ್ತೆ ಒಂದು ಗೆರೆ ಹೊಡೆಸಿದಳು. ಒಂದು ಮಿಲಿಮೀಟರ್ ಕಮ್ಮಿ. ಮತ್ತೆ ತಿದ್ದಿದಳು. ಮೇಸ್ತ್ರಿ ಮಂಡಿಯೂರಿ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದ.

"ಹಿಡಿದ್ಬಿಟ್ರಿ ಅಕ್ಕ! ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ!"

ಸ್ಕೇಲಕ್ಕ ಎಳೆ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು.

ಮೂರು ಪಟ್ಟಿಗಳನ್ನೂ ಮುದ್ರಿಸಿ, ಸುತ್ತಿಕೊಂಡು ನಾಲ್ವರೂ ಗ್ರಂಥಾಲಯಕ್ಕೆ ನಡೆದರು. "ಮಡಚೋದಕ್ಕಿಲ್ಲ ಅಂದ ಮೇಲೆ ಹಾಸೋದನ್ನಾದ್ರೂ ನೋಡ್ತೀನಿ" ಎಂದು ಅತ್ತೆಯೂ ಹಟ ಹಿಡಿದು ಹೊರಟಿದ್ದಳು. ಹಳೆಯ ಮೆಟ್ಟಿಲಿದ್ದ ಜಾಗವನ್ನು ಗುಡಿಸಿ, ಹಾಳೆಗಳನ್ನು ಗೆರೆಗೆ ಗೆರೆ ಕೂಡಿಸಿ ಅಂಟಿಸಿದರು. ನೆಲದ ಮೇಲೆ ಹದಿಮೂರು ಮೆಟ್ಟಿಲುಗಳ ದೊಡ್ಡದೊಂದು ಚಕ್ರ ಅರಳಿ ನಿಂತಿತು. ಇಂಜಿನಿಯರ್ ಹುಡುಗಿ ಅದರ ಸುತ್ತ ಒಂದು ಸುತ್ತು ಬಂದಳು. ತಿಂಗಳುಗಟ್ಟಲೆ ತೆರೆಯ ಮೇಲೆ ಅಂಗೈಯಗಲ ನೋಡಿದ್ದು ಈಗ ಅವಳ ಕಾಲ ಬುಡದಲ್ಲಿತ್ತು.

"ನಾನು ಹತ್ತಿ ನೋಡ್ಲಾ?" ಎಂದ ಅತ್ತೆ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು ಮೊದಲನೇ ಮೆಟ್ಟಿಲಿನ ಚಿತ್ರದ ಮೇಲೆ ನಿಂತಳು. ಅಷ್ಟರಲ್ಲಿ ಗದ್ದಲ ಕೇಳಿದ ಗ್ರಂಥಪಾಲಕ ಪಕ್ಕದ ಕೋಣೆಯೊಳಗಿಂದ ಬಾಗಿಲನ್ನು ಈಚೆಗೆ ತಳ್ಳಿದ. ಬಾಗಿಲು ಬಂದು ಅತ್ತೆಯ ಹಿಮ್ಮಡಿಗೆ ತಗುಲಿತು.

"ಅಯ್ಯಯ್ಯೋ! ಮೆಟ್ಟಿಲು ಹತ್ತೋ ಮುಂಚೆಯೇ ಬೀಳಿಸ್ತೀರಲ್ರೀ!"

ಎಲ್ಲರೂ ಬಾಗಿಲಿನತ್ತ ತಿರುಗಿದರು. ನಕ್ಷೆಯಲ್ಲಿ ಆ ಬಾಗಿಲು ಆಚೆಗೆ, ಕೋಣೆಯೊಳಕ್ಕೆ ತೆರೆಯುತ್ತಿತ್ತು. "ಹೋದ ವರ್ಷ ರಿಪೇರಿ ಮಾಡಿದಾಗ ತಿರುಗಿಸಿ ಕೂರಿಸಿದ್ರು," ಎಂದ ಗ್ರಂಥಪಾಲಕ. "ನಾನು ಹಳೇ ನಕ್ಷೆ ನೋಡೇ ಬರೆದೆ," ಎಂದು ಹುಡುಗಿ ತಲೆ ಮೇಲೆ ಕೈ ಹೊತ್ತಳು. ಹಾಗೇ ಕಟ್ಟಿದ್ದರೆ ಬಾಗಿಲು ಅರ್ಧವೂ ತೆರೆಯುತ್ತಿರಲಿಲ್ಲ.

"ಕೈ ಹೊತ್ತು ಕೂರೋಕೆ ಮರ ಇನ್ನೂ ಕತ್ತರಿಸಿಲ್ಲವಲ್ಲಮ್ಮ," ಎಂದ ಸ್ಕೇಲಕ್ಕ ಆಗಲೇ ಕಾಗದದ ಒಂದು ಅಂಚು ಹಿಡಿದು ಬಗ್ಗಿದ್ದಳು. "ಚಕ್ರ ಅಂದ ಮೇಲೆ ತಿರುಗಬೇಕು ತಾನೇ? ಮೇಸ್ತ್ರಿ, ನಡುವಿನ ಕಂಬದ ಗುರುತಿನ ಮೇಲೆ ಹೆಬ್ಬೆರಳು ಒತ್ತಿ ಹಿಡೀರಿ. ಅತ್ತೆ, ನೀವು ಆ ಕಡೆ ಹಿಡ್ಕೊಳ್ಳಿ."

ಮೂವರೂ ಸೇರಿ ಇಡೀ ಮೆಟ್ಟಿಲನ್ನು ಮೆಲ್ಲನೆ ಸರಿಸಿದರು. ಗ್ರಂಥಪಾಲಕ ಬಾಗಿಲು ತೆರೆಯುತ್ತ, ಮುಚ್ಚುತ್ತ ಇದ್ದ. "ತಾಗ್ತು... ತಾಗ್ತು... ಇಲ್ಲ, ಬಿಟ್ಟಿತು!" ಮೇಸ್ತ್ರಿ ತಲೆಯೆತ್ತಿ ಮೇಲಿನ ಅಂತಸ್ತಿನ ಅಂಚನ್ನು ಕಣ್ಣಲ್ಲೇ ಅಳೆದ. "ಮೇಲೆ ಕಟಾಂಜನದಲ್ಲಿ ಮೆಟ್ಟಿಲು ಸೇರೋ ಬಾಯಿ ಒಂದು ಗೇಣು ಸರಿಸಿದ್ರೆ ಮುಗೀತು. ಅದು ನನ್ನ ಪಾಲಿಗಿರಲಿ." ಹುಡುಗಿ ಹೊಸ ಕೋನವನ್ನು ಬರೆದುಕೊಂಡು, ಅದೇ ಸಂಭ್ರಮದಲ್ಲಿ ಅತ್ತೆಯನ್ನು ತಬ್ಬಿಕೊಂಡಳು.

ಮೇಸ್ತ್ರಿ ಆ ಹಾಳೆಗಳನ್ನೇ ಅಚ್ಚಾಗಿಟ್ಟುಕೊಂಡು ಒಂದೊಂದೇ ಹಲಗೆ ಕತ್ತರಿಸಿದ. ಒಂದೂ ಕೆಡಲಿಲ್ಲ. ಐದನೇ ವಾರ ಮೆಟ್ಟಿಲು ನಿಂತಿತೆಂದು ಸುದ್ದಿ ಬಂದಾಗ ಸ್ಕೇಲಕ್ಕ ಅಂಗಡಿಯ ಬಾಗಿಲೆಳೆದು ಓಡಿದಳು. ಅತ್ತೆ ಆಗಲೇ ಅಲ್ಲಿದ್ದಳು. ಕೈಗಂಬಿ ಹಿಡಿದು ಏಳನೇ ಮೆಟ್ಟಿಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದಳು.

"ಬಾರೇ, ಎಷ್ಟು ಹೊತ್ತು! ಮೇಲೆ ಕಿಟಕಿ ಪಕ್ಕ ಎರಡೇ ಕುರ್ಚಿ ಇದಾವಂತೆ!"

ಸ್ಕೇಲಕ್ಕ ಎರಡೆರಡು ಮೆಟ್ಟಿಲು ದಾಟುತ್ತ ಹತ್ತಿದಳು.