ಡಬ್ಬಿಯ ಮುಚ್ಚಳ ದುಂಡಗಿತ್ತು

ನನ್ನ ಕೆಲಸ ಇಷ್ಟೇ: ಕಚೇರಿಯ ನಲವತ್ತೆರಡು ಕಂಪ್ಯೂಟರುಗಳ ನರಳಾಟ ಕೇಳುವುದು. ಫೋನು ಹೊಡೆದುಕೊಂಡಾಗಲೆಲ್ಲ "ಆಫ್ ಮಾಡಿ ಆನ್ ಮಾಡಿ" ಅನ್ನುವುದು. ಹತ್ತರಲ್ಲಿ ಏಳು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಉಳಿದ ಮೂರು ಸಲ ಮೂರು ಮಹಡಿ ಇಳಿಯಬೇಕು. ಲಿಫ್ಟು ಕೆಟ್ಟು ಯಾವ ಕಾಲವಾಯಿತೋ, ಮಂಡಿಯಂತೂ ನನ್ನ ಮಾತು ಕೇಳುವುದನ್ನೇ ಬಿಟ್ಟಿದೆ. ಸಾಕಾಗಿಹೋಗಿದೆ ಕಣ್ರೀ.

ನೆಲಮಹಡಿಯ ಮೂಲೆ ಕೋಣೆಯಲ್ಲಿ ಅಕ್ಷರದಕ್ಕ ಕೂರುತ್ತಿದ್ದರು. ಆ ಹೆಸರಿಟ್ಟವರು ಯಾರೋ, ಇಡೀ ಕಚೇರಿಗೆ ಅವರು ಅದೇ. ಫಾಂಟ್ ಮಾಡುವುದು ಅವರ ಕೆಲಸ. ಪುಸ್ತಕಕ್ಕೆ, ಔಷಧಿ ಪೊಟ್ಟಣಕ್ಕೆ, ಬಸ್ಸಿನ ಹಣೆಗೆ ಬೇಕಾದ ಅಕ್ಷರಗಳನ್ನು ಒಂದೊಂದಾಗಿ ಪರದೆಯ ಮೇಲೆ ಬರೆಯುವುದು. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ನಮ್ಮ ಅಕ್ಷರಗಳಿಗೆ ದುಂಡುತನವೇ ಜೀವ ನೋಡಿ. ಒಂದು ಸೊನ್ನೆಯ ಹೊಟ್ಟೆ ಕೂದಲೆಳೆಯಷ್ಟು ಉಬ್ಬಿದರೂ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. "ಯಾಕೆ, ಮೈಗೆ ಹುಷಾರಿಲ್ವಾ?" ಎಂದು ಆ ಸೊನ್ನೆಯನ್ನೇ ಕೇಳುತ್ತಿದ್ದರು.

ಮೂರು ತಿಂಗಳ ಹಿಂದೆ ಅವರಿಗೆ ಹೊಸ ಪರದೆ ಬಂತು. ನಾನೇ ಜೋಡಿಸಿದೆ. ಮಾರನೆಯ ದಿನವೇ ಫೋನು.

"ನೋಡಪ್ಪಾ, ಅಕ್ಷರಗಳೆಲ್ಲ ಊದಿಕೊಂಡ ಹಾಗೆ ಕಾಣ್ತಿವೆ. ಅಂಚೆಲ್ಲ ಮಸುಕು. ಈ ಫಾಂಟ್ ಪ್ರೋಗ್ರಾಮಿಗೇ ಏನೋ ಆಗಿದೆ."

"ಆಫ್ ಮಾಡಿ ಆನ್ ಮಾಡಿ ಅಕ್ಕ."

ಮಾಡಿದರು. ಮತ್ತೆ ಫೋನು. ಪ್ರೋಗ್ರಾಮನ್ನು ತೆಗೆಸಿ ಮತ್ತೆ ಹಾಕಿಸಿದೆ, ಅದೂ ಫೋನಿನಲ್ಲೇ. ಊಹೂಂ. ಮೂರನೆಯ ಸಲ ಫೋನು ಬಂದಾಗ ನನಗೆ ತಲೆ ಕೆಟ್ಟಿತು. "ಇಲ್ಲಿಂದಲೇ ಎಲ್ಲ ನೋಡಿದೆ ಅಕ್ಕ, ಮೆಷಿನ್ ಸರಿಯಾಗೇ ಇದೆ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ" ಅಂದುಬಿಟ್ಟೆ. ನಾನು ಏನನ್ನೂ ನೋಡಿರಲಿಲ್ಲ. ಮೆಟ್ಟಿಲಿಳಿಯೋಕೆ ಬೇಜಾರು, ಅಷ್ಟೇ.

ಆಮೇಲೆ ಫೋನು ಬರಲಿಲ್ಲ. ಪೀಡೆ ತೊಲಗಿತು ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಅತ್ತ ಅಕ್ಕ, ಊದಿದ ಅಕ್ಷರಗಳು ಪರದೆಯ ಮೇಲೆ ದುಂಡಗೆ ಕಾಣುವವರೆಗೂ ಅವನ್ನು ಎರಡೂ ಪಕ್ಕದಿಂದ ಒತ್ತಿ ಒತ್ತಿ ಸಣ್ಣ ಮಾಡುತ್ತಾ ಹೋದರು. ಮುದ್ರಿಸಿ ನೋಡಿದ ಮ್ಯಾನೇಜರು, "ಇದೇನಮ್ಮಾ, ಜ್ವರ ಬಂದೆದ್ದವರ ಹಾಗೆ ಸಣಕಲಾಗಿವೆಯಲ್ಲ?" ಅಂದರಂತೆ. ತನ್ನ ಕಣ್ಣು ಕೆಟ್ಟಿದೆ ಎಂದು ಅಕ್ಕನಿಗೆ ಖಾತ್ರಿಯಾಗಲು ಅಷ್ಟು ಸಾಕಾಯಿತು. ರಾಜೀನಾಮೆ ಬರೆದುಕೊಟ್ಟರು.

ಶುಕ್ರವಾರ ಅವರ ಕೊನೆಯ ದಿನ. ಗುರುವಾರ ಮಧ್ಯಾಹ್ನ ಅವರ ಕಂಪ್ಯೂಟರನ್ನು ಮುಂದೆ ಬರುವವರಿಗೆ ಸಿದ್ಧಮಾಡಲು ನಾನು ಕೆಳಗಿಳಿಯಲೇಬೇಕಾಯಿತು. ಅಕ್ಕ ಊಟ ಮುಗಿಸಿ ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು, ಕಣ್ಣು ಮುಚ್ಚಿಕೊಂಡು. ಒಂದು ಬೆರಳ ತುದಿ ಲೋಟದೊಳಗೆ. ನೀರು ಬೆರಳಿಗೆ ತಗಲಿದ ಕೂಡಲೇ ನಿಲ್ಲಿಸಿದರು.

"ಇದೇನಕ್ಕ?"

"ಅಭ್ಯಾಸ ಮಾಡ್ಕೊಳ್ತಿದ್ದೀನಿ. ನಮ್ಮಮ್ಮ ಕಣ್ಣು ಹೋದಮೇಲೆ ಹೀಗೇ ಬಗ್ಗಿಸ್ಕೊಳ್ತಿದ್ದಳು. ಅವಳಿಗೂ ಮೊದಲು ಮಸುಕೇ ಶುರುವಾಗಿದ್ದು. ಮನೆಯಲ್ಲಿ ಮಂಚದಿಂದ ನಲ್ಲಿಗೆ ಹದಿನೇಳು ಹೆಜ್ಜೆ. ಈಗ ಎಡವಲ್ಲ."

ಅವರ ಕುರ್ಚಿಯಲ್ಲಿ ಕೂತೆ. ಫಾಂಟ್ ಪ್ರೋಗ್ರಾಮಿನಲ್ಲಿ ಹೊಸದೊಂದು ಸೊನ್ನೆ ಎಳೆದೆ: ಅಗಲ ಆರುನೂರು, ಎತ್ತರ ಆರುನೂರು. ಪರದೆಯ ಮೇಲೆ ಮೂಡಿದ್ದು ಅಡ್ಡ ಮಲಗಿದ ಮೊಟ್ಟೆ. ನನ್ನ ಕಣ್ಣಿಗೂ ಮೊಟ್ಟೆಯೇ!

ಅಕ್ಕನ ಊಟದ ಡಬ್ಬಿಯ ಮುಚ್ಚಳ ತೆಗೆದು ಪರದೆಗೆ ಒತ್ತಿ ಹಿಡಿದೆ. "ಇದು ಹೇಗೆ ಕಾಣುತ್ತೆ ಅಕ್ಕ?"

"ದುಂಡಗೆ."

"ಪಕ್ಕದ ಸೊನ್ನೆ?"

ಅಕ್ಕ ಪರದೆಯ ಹತ್ತಿರ ಬಗ್ಗಿ ಮುಚ್ಚಳವನ್ನೊಮ್ಮೆ, ಸೊನ್ನೆಯನ್ನೊಮ್ಮೆ ನೋಡಿದರು.

"ಕಣ್ಣು ಕೆಟ್ಟಿದ್ದರೆ ಮುಚ್ಚಳವೂ ಮೊಟ್ಟೆ ಆಗಬೇಕಿತ್ತಲ್ಲಕ್ಕ."

ಹೊಸ ಪರದೆ ಜೋಡಿಸಿದ ದಿನ ಸೆಟ್ಟಿಂಗಿನಲ್ಲಿ ಹಳೇ ಚೌಕನೆಯ ಪರದೆಯ ಅಳತೆಯನ್ನೇ ಬಿಟ್ಟುಹೋಗಿದ್ದೆ ನಾನು. ಚಿತ್ರವೆಲ್ಲ ಅಡ್ಡಡ್ಡಕ್ಕೆ ಎಳೆದುಕೊಂಡಿತ್ತು. ಎರಡೇ ಕ್ಲಿಕ್. ಸೊನ್ನೆ ದುಂಡಗಾಯಿತು, ಅಂಚು ಚೂಪಾಯಿತು. ಅದರ ಪಕ್ಕದಲ್ಲಿ ಅಕ್ಕನ ಮೂರು ತಿಂಗಳ ಅಕ್ಷರಗಳು ಸಣಕಲಾಗಿ ಸಾಲುನಿಂತವು.

"ಎಲ್ಲವನ್ನೂ ಒಟ್ಟಿಗೇ ಅಗಲ ಮಾಡಿಬಿಡೋಣ. ಒಂದು ನಿಮಿಷದ ಕೆಲಸ" ಅಂದೆ.

"ಹಾಗೆ ಎಳೆದರೆ ಗೆರೆಯೂ ದಪ್ಪ ಆಗುತ್ತಪ್ಪ. ಮೊದಲಿಂದ ಬರೀಬೇಕು."

"ಮ್ಯಾನೇಜರಿಗೆ ಈಗಲೇ ಹೇಳ್ತೀನಿ ಅಕ್ಕ, ತಪ್ಪೆಲ್ಲ ನಂದು ಅಂತ. ರಾಜೀನಾಮೆ ವಾಪಸ್ ತಗೊಳ್ಳಿ."

ಅಕ್ಕ ಆಗಲಿ ಎಂಬಂತೆ ತಲೆಯಾಡಿಸಿ ಮೇಜಿನ ಅಂಚು ಹಿಡಿದು ಸ್ಟೂಲಿನ ಮೇಲೆ ಕೂತರು. "ಕಣ್ಣಿನ ಡಾಕ್ಟರ ಹತ್ತಿರ ಮೂರು ಸಲ ಹೋಗಿದ್ದೆ. ಮೂರು ಸಲವೂ ಕಣ್ಣು ಚೆನ್ನಾಗಿದೆ ಅಂದರು. ನಾನು ಹೆದರ್ತೀನಿ ಅಂತ ಮುಚ್ಚಿಡ್ತಿದ್ದಾರೆ ಅಂದ್ಕೊಂಡೆ."

"ಅಯ್ಯೋ, ಡಾಕ್ಟರನ್ನೇ ನಂಬಲಿಲ್ವಾ ಅಕ್ಕ?"

"ನೀನು ಮೆಷಿನ್ ನೋಡಿದೀನಿ ಅಂದಿದ್ದೆಯಲ್ಲಪ್ಪ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಬಾಯಾರಿರಬೇಕು, ಮತ್ತೆ ನೀರು ಬಗ್ಗಿಸಿಕೊಳ್ಳಲು ಕೈ ಚಾಚಿದರು. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು, ಬೆರಳು ಲೋಟದೊಳಗೆ ಇಳಿಯಿತು.

"ಅಕ್ಕ," ಅಂದೆ, "ಕಣ್ಣು ಬಿಡಿ."